ಕನ್ನಡದಲ್ಲಿ ‘ಏಕೆ?’ ಎಂದು ಕೇಳುವ ಮಕ್ಕಳು

ಅಮೆರಿಕದ ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳು ವಚನ ಹೇಳುತ್ತಾರೆ, ಭಾವಗೀತೆ ಹಾಡುತ್ತಾರೆ, ರಾಜ್ಯೋತ್ಸವದಂದು ನಾಟಕವಾಡುತ್ತಾರೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಅದೇ ಮಗು ಕಾಮನಬಿಲ್ಲು ಹೇಗೆ ಮೂಡುತ್ತದೆಂದು ಕೇಳಿದೊಡನೆ, ಎಂಜಿನಿಯರರೂ ವೈದ್ಯರೂ ಆಗಿರುವ ನಾವು ಇಂಗ್ಲಿಷಿಗೆ ಹೊರಳುತ್ತೇವೆ. ಹಬ್ಬಕ್ಕೆ ಕನ್ನಡ, ಬುದ್ಧಿಗೆ ಇಂಗ್ಲಿಷ್ ಎಂಬ ಈ ಪಾಲುಪಟ್ಟಿ ನನಗೆ ಒಪ್ಪಿಗೆಯಿಲ್ಲ. ಇದು ಅನಿವಾರ್ಯವೂ ಅಲ್ಲವೆಂಬುದಕ್ಕೆ ‘ಬಾಲ ವಿಜ್ಞಾನ’ ಮಾಸಪತ್ರಿಕೆಯ ಚರಿತ್ರೆಯೇ ಸಾಕ್ಷಿ.

ಆ ಚರಿತ್ರೆಯ ಬೇರುಗಳು ಆಳವಾಗಿವೆ. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಪತ್ರಿಕೆಯನ್ನು ಹೊರತಂದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಬಿತ್ತಿದ ಬೀಜ ಮಾತ್ರ ವ್ಯರ್ಥವಾಗಲಿಲ್ಲ. 1936ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಮಕ್ಕಳ ಕೈಗಿತ್ತರು. 1978ರಲ್ಲಿ ‘ಬಾಲ ವಿಜ್ಞಾನ’ ಹುಟ್ಟಿತು. ರಸಾಯನವಿಜ್ಞಾನದ ಅಧ್ಯಾಪಕರಾಗಿದ್ದ ಮೈಸೂರಿನ ಜೆ. ಆರ್. ಲಕ್ಷ್ಮಣರಾಯರು ಅದರ ಸಂಪಾದಕತ್ವದ ಹೊಣೆ ಹೊತ್ತರು. 1980ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ಪೋಷಿಸಿ ಬೆಳೆಸಿತು. ಲೇಖನ, ಪ್ರಶ್ನೋತ್ತರ, ಚಕ್ರಬಂಧಗಳ ಮೂಲಕ ಪತ್ರಿಕೆಯು ವಿಜ್ಞಾನವನ್ನು ಹಳ್ಳಿಯ ಶಾಲೆಗಳ ಬಾಗಿಲಿಗೆ ಕೊಂಡೊಯ್ದಿತು.

ಪಾರಿಭಾಷಿಕ ಪದಗಳು ಕಠಿಣವೆಂಬ ಆಕ್ಷೇಪಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ‘ದ್ಯುತಿಸಂಶ್ಲೇಷಣೆ’ ನಾಲಗೆಗೆ ತೊಡಕೇ ಸರಿ. ಆದರೆ ಅದರ ಇಂಗ್ಲಿಷ್ ಹೆಸರನ್ನು ಮೊದಲು ಕೇಳಿದ ಮಗುವಿಗೆ ಅದೇನು ಸುಲಭವಾಗಿತ್ತೆ? ಬಳಕೆಯಿಂದಲೇ ಪದ ಪಳಗುತ್ತದೆ. ಮೇಲಾಗಿ ವಿಜ್ಞಾನವು ಪದಗಳಿಂದಲ್ಲ, ಪ್ರಶ್ನೆಗಳಿಂದ ಆರಂಭವಾಗುತ್ತದೆ. ಚಳಿಗಾಲದಲ್ಲಿ ನಮ್ಮ ಮನೆಯ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದೇಕೆ? ಉಷ್ಣತೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಅದು ಘನರೂಪ ತಾಳುತ್ತದೆ. ಶರತ್ಕಾಲದಲ್ಲಿ ಇಲ್ಲಿಯ ಮೇಪಲ್ ಎಲೆ ಹಸುರು ಕಳೆದುಕೊಳ್ಳುವುದೇಕೆ? ಅದರಲ್ಲಿನ ಪತ್ರಹರಿತ್ತು ವಿಘಟನೆಗೊಳ್ಳುತ್ತದೆ. ಇಷ್ಟನ್ನು ಹೇಳಲು ಕನ್ನಡಕ್ಕೆ ಯಾವ ಬಡತನವೂ ಇಲ್ಲ. ಬಡತನವಿರುವುದು ನಮ್ಮ ರೂಢಿಯಲ್ಲಿ.

ಆದುದರಿಂದ ಪ್ರತಿನಿಧಿ ಬಂಧುಗಳಲ್ಲಿ ನನ್ನದೊಂದು ವಿನಂತಿ. ಪ್ರತಿಯೊಂದು ಕನ್ನಡ ಶಾಲೆಯೂ ತಿಂಗಳಿಗೊಂದು ತರಗತಿಯನ್ನು ವಿಜ್ಞಾನಕ್ಕೆ ಮೀಸಲಿಡಲಿ. ‘ಬಾಲ ವಿಜ್ಞಾನ’ದ ಹಳೆಯ ಸಂಚಿಕೆಗಳನ್ನು ಸಂಗ್ರಹಿಸಿ ಓದಿಸಲಿ. ನಮ್ಮಲ್ಲಿರುವ ವಿಜ್ಞಾನಿಗಳು ಮಕ್ಕಳೆದುರು ಒಂದು ಸರಳ ಪ್ರಯೋಗ ಮಾಡಿ, ಅದನ್ನು ಕನ್ನಡದಲ್ಲೇ ವಿವರಿಸಲಿ. ಹಾಡಿನಲ್ಲಿ ಮಾತ್ರ ಉಳಿದ ಭಾಷೆ ಒಂದು ತಲೆಮಾರಿಗೆ ನೆನಪಾಗಿ ಉಳಿದೀತು, ‘ಏಕೆ?’ ಎಂದು ಕೇಳಲು ನೆರವಾದ ಭಾಷೆ ಮುಂದಿನ ತಲೆಮಾರಿನ ಬಾಳಿಗೂ ಬೇಕಾದೀತು.