ಬಿಸಿಲಿನ ಮೇಲೆ ದಾವೆ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಹಿರಿಯರು ಹೇಳ್ತಾ ಬಂದಿದ್ದಾರೆ. ಆ ಮಾತು ಸುಳ್ಳಲ್ಲ. ಎರಡು ಗುಂಟೆ ಜಾಗಕ್ಕೆ ಕೋರ್ಟು ಮೆಟ್ಟಿಲು ಹತ್ತಿ, ಇದ್ದೊಂದು ಎಮ್ಮೆ ಮಾರಿ ವಕೀಲರ ಫೀಸು ಕಟ್ಟಿ, ವಾಯಿದೆ ಮೇಲೆ ವಾಯಿದೆ ತಗೊಂಡು ಮುದುಕರಾದವರು ಎಲ್ಲ ಕೇರಿಯಲ್ಲೂ ಇದ್ದಾರೆ. ಹೀಗಿರುವಾಗ ವಕೀಲರು ಬಿಸಿಲಿನ ಮೇಲೆ, ಮಳೆಯ ಮೇಲೆ ದಾವೆ ಹೂಡುತ್ತಿದ್ದಾರೆ ಅಂದರೆ ನಗು ಬರೋದು ಸಹಜ. ಮೊನ್ನೆ ಒಂದು ಸಭೆಯಲ್ಲಿ ನಾನು ಈ ಮಾತು ಎತ್ತಿದಾಗ ಹಿರಿಯರೊಬ್ಬರು ಕೇಳಿಯೇ ಬಿಟ್ಟರು: "ಏನಪ್ಪಾ, ಸೂರ್ಯನಿಗೆ ಸಮನ್ಸ್ ಜಾರಿ ಮಾಡೋರು ಯಾರು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಮನ್ಸು ಹೋಗಬೇಕಾದ್ದು ಸೂರ್ಯನಿಗಲ್ಲ ಬಂಧುಗಳೇ. ಕಲ್ಲಿದ್ದಲು ಸುಟ್ಟವರಿಗೆ, ಎಣ್ಣೆ ಸುಟ್ಟವರಿಗೆ, ಸುಡಲು ಬಿಟ್ಟು ಸುಮ್ಮನೆ ಕೂತ ಸರ್ಕಾರಗಳಿಗೆ. ಹೀಗೆ ಸುಟ್ಟಾಗ ಹುಟ್ಟುವ ಇಂಗಾಲದ ಅನಿಲ ಕಣ್ಣಿಗೆ ಕಾಣೋದಿಲ್ಲ. ಅದು ಆಕಾಶದಲ್ಲಿ ಕಂಬಳಿಯ ಹಾಗೆ ಕವಿದು ಭೂಮಿಯ ಕಾವನ್ನು ಹಿಡಿದಿಟ್ಟಿದೆ. ಕಂಬಳಿ ನೇಯ್ದವರು ಒಬ್ಬರು, ಅದರಡಿ ಬೇಯುವವರು ಇನ್ನೊಬ್ಬರು. ದುಡಿದವನೊಬ್ಬ ಉಂಡವನೊಬ್ಬ ಅನ್ನೋ ಲೆಕ್ಕ ನಮಗೆ ಹೊಸದೇನಲ್ಲ. ಇದು ಉಂಡವನೊಬ್ಬ, ಎಂಜಲು ಬಳಿಯುವವನೊಬ್ಬ ಅನ್ನೋ ಲೆಕ್ಕ. ಅದೂ ನಮಗೆ ಹೊಸದಲ್ಲ.

ಈ ಲೆಕ್ಕವನ್ನು ಕೋರ್ಟಿನಲ್ಲಿ ಕೇಳಬಹುದು ಅಂತ ಕೆಲವರು ಹೊರಟರು. ನೆದರ್ಲೆಂಡ್ಸ್ ದೇಶದಲ್ಲಿ ಉರ್ಗೆಂಡಾ ಎಂಬ ಸಂಸ್ಥೆ ಮತ್ತು 886 ಜನ ನಾಗರಿಕರು ತಮ್ಮ ಸರ್ಕಾರದ ಮೇಲೇ ದಾವೆ ಹೂಡಿದರು. 1990ರಲ್ಲಿ ದೇಶ ಬಿಡುತ್ತಿದ್ದ ಅನಿಲವನ್ನು 2020ರ ಕೊನೆಯ ಹೊತ್ತಿಗೆ ಕನಿಷ್ಠ ಶೇಕಡ 25ರಷ್ಟು ಇಳಿಸಲೇಬೇಕು ಅಂತ 2015ರಲ್ಲಿ ಹೇಗ್ ನಗರದ ಕೋರ್ಟು ಹೇಳಿತು. ಸರ್ಕಾರ ಮೇಲ್ಮನವಿ ಹೋಯಿತು, 2018ರಲ್ಲಿ ಸೋತಿತು. ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಡಿಸೆಂಬರಿನಲ್ಲಿ ಅಲ್ಲೂ ಸೋತಿತು. ಅಪಾಯ ಬರುತ್ತಿದೆ ಅಂತ ಗೊತ್ತಿದ್ದೂ ಕೈಕಟ್ಟಿ ಕೂತರೆ ಅದು ಜನರ ಜೀವದ ಹಕ್ಕಿನ ಮೇಲೆ ಮಾಡಿದ ತಪ್ಪು ಎಂಬ ವಾದ ಮೇಲಿನ ಕೋರ್ಟುಗಳಲ್ಲಿ ನಿಂತಿತು.

ಅದು ಸಿರಿವಂತ ದೇಶದ ಕತೆ ಅನ್ನಬಹುದು. ಸರಿ, ಪೆಸಿಫಿಕ್ ಸಾಗರದ ದ್ವೀಪಗಳ ಕಡೆ ನೋಡೋಣ. ಅಲ್ಲಿ ಕಡಲು ಏರಿ ಊರೇ ಮುಳುಗುವ ಭಯ. 2019ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು, ನನ್ನ ವಾರಿಗೆಯ ಹುಡುಗ ಹುಡುಗಿಯರು, ಈ ಪ್ರಶ್ನೆಯನ್ನು ಜಗತ್ತಿನ ದೊಡ್ಡ ಕೋರ್ಟಿಗೇ ಒಯ್ಯಬೇಕು ಅಂತ ಹಟ ಹಿಡಿದರು. ವನುವಾಟು ಎಂಬ ಪುಟ್ಟ ದೇಶ ಅವರ ಮಾತು ಎತ್ತಿಕೊಂಡಿತು. 2023ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿತು. 2025ರ ಜುಲೈ 23ರಂದು ಅಂತಾರಾಷ್ಟ್ರೀಯ ನ್ಯಾಯಾಲಯ ಹೇಳಿತು: ಹವಾಮಾನ ಕಾಪಾಡುವುದು ದೇಶಗಳ ಕಾನೂನಿನ ಬಾಧ್ಯತೆ. ಅದನ್ನು ಮೀರಿದ ದೇಶ ನಷ್ಟ ತುಂಬಿಕೊಡಬೇಕಾದೀತು. ಇದು ಸಲಹೆಯ ಅಭಿಪ್ರಾಯ ಅಷ್ಟೆ, ಜಪ್ತಿ ಮಾಡಿಸುವ ಹುಕುಂ ಅಲ್ಲ. ಆದರೂ ಮುಳುಗುವ ಊರಿನ ಮಕ್ಕಳು ಕೇಳಿದ ಪ್ರಶ್ನೆಗೆ ದೊಡ್ಡ ದೇಶಗಳೆಲ್ಲ ಬಂದು ನಿಂತು ಉತ್ತರ ಕೊಡಬೇಕಾಯಿತು.

ಇನ್ನು ನಮ್ಮ ದೇಶ. 2024ರ ಮಾರ್ಚ್ 21ರಂದು ನಮ್ಮ ಸುಪ್ರೀಂ ಕೋರ್ಟು ಎಂ.ಕೆ. ರಂಜಿತ್‌ಸಿನ್ಹ್ ಮೊಕದ್ದಮೆಯಲ್ಲಿ ಒಂದು ದೊಡ್ಡ ಮಾತು ಹೇಳಿತು. ಹವಾಮಾನ ಬದಲಾವಣೆಯ ಕೆಡುಕಿನಿಂದ ಪಾರಾಗುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಅಡಗಿರುವ ಹಕ್ಕು ಅಂತ. ನೀರು, ಅನ್ನಕ್ಕೆ ಬರ ಬಂದರೆ ಉಳ್ಳವರಿಗಿಂತ ಬಡವರಿಗೇ ಹೆಚ್ಚು ಪೆಟ್ಟು ಅನ್ನೋದನ್ನೂ ತೀರ್ಪು ಒಪ್ಪಿಕೊಂಡಿದೆ. ಮೊಕದ್ದಮೆ ಶುರುವಾದದ್ದು ರಾಜಸ್ಥಾನ, ಗುಜರಾತಿನ ಬಯಲಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಅಳಿದುಹೋಗುತ್ತಿರುವ ಹಕ್ಕಿಗಾಗಿ. ಅದು ಕರೆಂಟಿನ ತಂತಿಗೆ ಬಡಿದು ಸಾಯುತ್ತಿತ್ತು. ಹಕ್ಕಿಗಾಗಿ ಹೋದ ಅರ್ಜಿಯಲ್ಲಿ ಮನುಷ್ಯನಿಗೆ ಹಕ್ಕು ಸಿಕ್ಕಿತು. ಹಕ್ಕಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅದಕ್ಕೂ ವಕಾಲತ್ತು ಹಾಕುವವರು ಇದ್ದಾರಲ್ಲ ಅಂತ ಸಂತೋಷವೇ. ನನ್ನ ಪ್ರಶ್ನೆ ಬೇರೆ. ಮಟಮಟ ಮಧ್ಯಾಹ್ನ ಕಳೆ ಕೀಳುವ ನಮ್ಮ ತಾಯಂದಿರ ಪರವಾಗಿ ವಕಾಲತ್ತು ಹಾಕಿದವರು ಎಲ್ಲಿ?

ಯಾಕೆ ಕೇಳುತ್ತೇನೆ ಅಂದರೆ, ಆ ತೀರ್ಪು ಇನ್ನೊಂದು ಮಾತೂ ಹೇಳುತ್ತೆ. ಕಲ್ಲಿದ್ದಲು ಬಿಟ್ಟು ದೇಶ ಸೂರ್ಯನ ಕರೆಂಟಿಗೆ ತಿರುಗಬೇಕು ಅಂತ. ಸರಿಯಾದ ಮಾತೇ. ಆದರೆ ಸೂರ್ಯನ ಕರೆಂಟು ಬಂದ ಕಡೆ ಏನಾಯಿತು ಅಂತ ನಮ್ಮ ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋಗಿ ನೋಡಿ. ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಫಲಕ ಹಾಸಿದ್ದಾರೆ. 2,050 ಮೆಗಾವಾಟ್. ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಹಿಡಿದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರಗಾಲದ ಸೀಮೆ, ಮಳೆ ನಂಬಿ ಕೆಟ್ಟಿದ್ದ ರೈತನಿಗೆ ಅದೊಂದು ಆಸರೆ ಆಯಿತು.

ಆದರೆ ಆಸರೆ ಆದದ್ದು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಕಿತ್ತು ಕೂಲಿ ಪಡೆಯುತ್ತಿದ್ದವಳಿಗೆ? ಅದೇ ಬಯಲಿನಲ್ಲಿ ನಾಲ್ಕು ಕುರಿ ಮೇಯಿಸುತ್ತಿದ್ದವನಿಗೆ? ಹೊಲ ಹೋದ ಮೇಲೆ ಕೂಲಿಯೂ ಹೋಯಿತು. ಬೇಲಿ ಬಿದ್ದ ಮೇಲೆ ಮೇವೂ ಹೋಯಿತು. ಅವರಿಗೆ ಗುತ್ತಿಗೆ ಹಣ ಇಲ್ಲ, ಯಾಕಂದರೆ ಅವರು ಕಳಕೊಂಡದ್ದು ಯಾವ ಕಾಗದದಲ್ಲೂ ಇರಲಿಲ್ಲ.

ಇಲ್ಲೇ ಇದೆ ನೋಡಿ ಗಂಟು. ಕೋರ್ಟಿಗೆ ನಷ್ಟ ಕಾಣಬೇಕಾದರೆ ಕಾಗದ ಬೇಕು. ಜಮೀನು ಇದ್ದವನಿಗೆ ಪಹಣಿ, ಮನೆ ಇದ್ದವನಿಗೆ ಖಾತೆ, ಅಂಗಡಿ ಇದ್ದವನಿಗೆ ಲೆಕ್ಕದ ಪುಸ್ತಕ. ನಮ್ಮ ಜನಕ್ಕೆ ಇರೋದು ಮೈ ಒಂದೇ. ಬಿಸಿಲಿಗೆ ತಲೆ ಸುತ್ತಿ ಬಿದ್ದ ದಿನ, ಕೂಲಿ ತಪ್ಪಿದ ದಿನ, ಕೇರಿಯ ಕೊಳವೆಬಾವಿ ಬತ್ತಿ ಊರಿನವರ ಬಾಗಿಲಲ್ಲಿ ಕೊಡ ಹಿಡಿದು ನಿಂತ ದಿನ, ಇವನ್ನು ಯಾವ ಶಾನುಭೋಗ ಬರೆದಿಟ್ಟ? ಕಲಬುರಗಿ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತೆ. ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆವರೆಗೆ. ಬಿಸಿಲು ಜಾಸ್ತಿ ಅಂತ ಸರ್ಕಾರವೇ ಆದೇಶದಲ್ಲಿ ಬರೆದುಕೊಡುತ್ತೆ. ಫ್ಯಾನಿನ ಕೆಳಗೆ ಕೂತವರಿಗೆ ಇರುವ ಆ ಆದೇಶ ಇಟ್ಟಿಗೆ ಗೂಡಿನಲ್ಲಿ ದುಡಿಯುವವನಿಗೆ ಯಾಕಿಲ್ಲ ಅಂತ ಒಬ್ಬ ವಕೀಲ ಕೇಳಿದರೆ, ಅದೂ ಹವಾಮಾನದ ದಾವೆಯೇ. 14ನೇ ವಿಧಿ ಸಮಾನತೆ ಅಂತ ಹೇಳುವುದು ಇದನ್ನೇ ಅಲ್ಲವೇ?

"ಇವೆಲ್ಲ ಏಸಿ ರೂಮಿನವರ ಚಿಂತೆ, ನಮಗೆ ಭೂಮಿ ಹೋರಾಟ ಸಾಕು" ಅಂತ ನಮ್ಮ ಕೆಲವು ಗೆಳೆಯರು ಹೇಳ್ತಾರೆ. ಅವರಿಗೆ ಮಹಾಡನ್ನು ನೆನಪು ಮಾಡುತ್ತೇನೆ. 1927ರ ಮಾರ್ಚಿನಲ್ಲಿ ಬಾಬಾಸಾಹೇಬರು ಚವದಾರ ಕೆರೆಯ ನೀರು ಮುಟ್ಟಿದರು. ಮುಟ್ಟಿದ ಮೇಲೆ ಕೋರ್ಟಿಗೆ ಓಡಿದವರು ಯಾರು? ಸವರ್ಣೀಯರು. ಕೆರೆ ನಮ್ಮ ಖಾಸಗಿ ಸ್ವತ್ತು, ಇವರು ಮುಟ್ಟದಿರೋದು ಅನಾದಿಯಿಂದ ಬಂದ ಪದ್ಧತಿ ಅಂತ ದಾವೆ ಹೂಡಿ ಡಿಸೆಂಬರಿನಲ್ಲಿ ತಡೆಯಾಜ್ಞೆ ತಂದರು. ಬಾಬಾಸಾಹೇಬರು ಕೋರ್ಟು ಬೇಡ ಅನ್ನಲಿಲ್ಲ. ಹತ್ತು ವರ್ಷ ಆ ದಾವೆ ನಡೆಸಿದರು. 1937ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟು ತೀರ್ಪು ಕೊಟ್ಟಿತು: ಅನಾದಿ ಪದ್ಧತಿ ಅನ್ನೋದಕ್ಕೆ ಸಾಕ್ಷಿ ಇಲ್ಲ. ಸಾವಿರಾರು ವರ್ಷದ ಸೊಕ್ಕು ಸಾಕ್ಷಿಯ ಮುಂದೆ ಬಿತ್ತು. ಮೊದಲು ಜನ ಕೆರೆಗೆ ಇಳಿದರು, ಆಮೇಲೆ ವಕೀಲ ಕೋರ್ಟಿನಲ್ಲಿ ನಿಂತರು. ಎರಡೂ ಒಬ್ಬರೇ ಮಾಡಿದರು. ನಮಗೆ ಇದಕ್ಕಿಂತ ಪಾಠ ಬೇಕೇ?

ಆದ್ದರಿಂದ ನಾನು ಕೇಳೋದು ಇಷ್ಟು. ಪ್ರತಿ ಕೇರಿಯಲ್ಲಿ ಓದಿದ ಹುಡುಗರು ಹುಡುಗಿಯರು ಒಂದು ನೋಟ್‌ಬುಕ್ಕು ಇಡಲಿ. ಯಾವ ದಿನ, ಯಾವ ಹೊತ್ತು, ಯಾರಿಗೆ ಕೂಲಿ ತಪ್ಪಿತು, ಯಾರು ಬಿಸಿಲಿಗೆ ಬಿದ್ದರು, ಆಸ್ಪತ್ರೆಯ ಚೀಟಿ ಎಲ್ಲಿ, ಕೇರಿಗೆ ಎಷ್ಟು ದಿನ ನೀರು ಬರಲಿಲ್ಲ, ತಾರೀಖು ಹಾಕಿ ಬರೆಯಲಿ. ಬರೆದದ್ದಕ್ಕೆ ಇಬ್ಬರು ರುಜು ಹಾಕಲಿ, ರುಜು ಬಾರದವರು ಹೆಬ್ಬೆಟ್ಟು ಒತ್ತಲಿ. ಕವಿತೆ ಬರೆಯುವ ನನ್ನಂಥವರು ಆರು ತಿಂಗಳು ಕವಿತೆ ಬಿಟ್ಟು ಇದನ್ನು ಬರೆದರೂ ನಷ್ಟವಿಲ್ಲ.

ಫೀಸಿನ ಭಯ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇದೆ. ಹೋಗಿ ಬಾಗಿಲು ತಟ್ಟೋಣ. ಇನ್ನು ಹವಾಮಾನಕ್ಕಾಗಿ ಹೋರಾಡುವ ವಕೀಲರೇ, ನಿಮ್ಮ ಮುಂದಿನ ಅರ್ಜಿಯಲ್ಲಿ ಅರ್ಜಿದಾರರ ಪಟ್ಟಿ ಬರೆಯುವಾಗ ಪಹಣಿ ಇಲ್ಲದ ಒಬ್ಬಳ ಹೆಸರನ್ನು ಮೊದಲು ಬರೆಯಿರಿ. ಪರಿಹಾರ ಕೇಳುವಾಗ ಫಲಕದ ಕೆಳಗೆ ಕೂಲಿ ಕಳಕೊಂಡವರನ್ನು ಮರೆಯಬೇಡಿ. ನಮ್ಮನ್ನು ಬಿಟ್ಟು ತಣ್ಣಗಾಗುವ ಭೂಮಿ ನಮಗೆ ಬೇಕಿಲ್ಲ.

ಸಭೆಯ ಹಿರಿಯರಿಗೆ ಉತ್ತರ ಇದು, ಅಣ್ಣಾ: ಸಮನ್ಸು ಜಾರಿ ಮಾಡೋರು ಇದ್ದಾರೆ. ಸಾಕ್ಷಿ ಹೇಳೋಕೆ ನಾವು ಹೋಗಬೇಕು.

ಜೈ ಭೀಮ್.