ಮೊದಲು ಅವರ ಪರೀಕ್ಷೆಯಾಗಲಿ

'ಬಂಜೆ' ಎಂಬ ಮಾತಿಗೆ ನಮ್ಮಲ್ಲಿ ಪುಲ್ಲಿಂಗವಿಲ್ಲ. ಗಂಡಸಿಗೆ ಹೇಳಹೊರಟರೆ ಸಿಗುವುದೆಲ್ಲ ಬೈಗುಳಗಳು. ಅವೂ ಬೇರೊಂದು ದೋಷದ ಹೆಸರುಗಳು. ಹೆಸರೇ ಇಲ್ಲದ ಕಾಯಿಲೆಗೆ ಯಾವ ಗಂಡಸು ತಾನೇ ಆಸ್ಪತ್ರೆಗೆ ಹೋದಾನು?

ನನ್ನ ಮದುವೆಯಾದದ್ದು 1989ರಲ್ಲಿ. ಎರಡು ವರ್ಷ ಕಾದ ಅತ್ತೆಯವರು ನನ್ನನ್ನು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿಂದ ಶುರು. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳಕ್ಕೆ ಔಷಧಿ ಬಿಟ್ಟು ತೆಗೆಯುವ ಎಕ್ಸ್‌ರೇ (ಆ ನೋವು ತಿಂದವರಿಗೇ ಗೊತ್ತು), ಕೊನೆಗೆ ಮತ್ತು ಕೊಟ್ಟು, ಹೊಕ್ಕುಳ ಬಳಿ ತೂತು ಮಾಡಿ ಒಳಗೆ ನೋಡುವ ಲ್ಯಾಪರಾಸ್ಕೋಪಿ. ನಡುವೆ ನಾಗಪ್ರತಿಷ್ಠೆ, ಅಶ್ವತ್ಥಕಟ್ಟೆಗೆ ನಲವತ್ತೆಂಟು ದಿನ ಪ್ರದಕ್ಷಿಣೆ. ರಿಪೋರ್ಟುಗಳೆಲ್ಲ ಸರಿಯಿದ್ದವು. ಸರಿಯಿದ್ದಷ್ಟೂ ನನ್ನ ಮೇಲಿನ ಅನುಮಾನ ಬಲಿಯಿತು. ಅಷ್ಟು ವರ್ಷಗಳಲ್ಲಿ ಅತ್ತೆಯಾಗಲಿ ಡಾಕ್ಟರಾಗಲಿ ನನ್ನವರತ್ತ ತಿರುಗಿ ನೋಡಲಿಲ್ಲ. ಅವರು ಹೊರಗೆ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದರು.

ಆ ಬೆಂಚಿನಿಂದ ಅವರನ್ನು ಎಬ್ಬಿಸಿದ್ದು ಕಿಡ್ನಿ ಕಲ್ಲು. 1995ರ ಬೇಸಿಗೆಯಲ್ಲಿ ಹೊಟ್ಟೆನೋವು ತಾಳಲಾರದೆ ಹುಬ್ಬಳ್ಳಿಗೆ ಹೋದಾಗ ಯೂರಾಲಜಿಸ್ಟ್ ಮಾತಿಗೆ ಮಾತು ಬಂದು "ಮಕ್ಕಳೆಷ್ಟು?" ಎಂದರು. ಉತ್ತರ ಕೇಳಿದ ಮೇಲೆ ಇವರನ್ನು ನಿಲ್ಲಿಸಿ, ಉಸಿರು ಬಿಗಿಹಿಡಿದು ತಿಣುಕಲು ಹೇಳಿ, ಕೈಯಿಂದ ಮುಟ್ಟಿ ನೋಡಿದರು. ಐದು ನಿಮಿಷದ ಕೆಲಸ. ಎಡ ವೃಷಣದ ಮೇಲೆ ರಕ್ತನಾಳಗಳು ಉಬ್ಬಿ ಗಂಟಾಗಿದ್ದವು. ವೆರಿಕೋಸೀಲ್ ಎನ್ನುತ್ತಾರೆ. ಮೈಗಿಂತ ತಂಪಾಗಿರಬೇಕಾದ ಜಾಗ ಅದರಿಂದ ಬಿಸಿಯೇರಿ ವೀರ್ಯಾಣುಗಳು ಕುಗ್ಗುತ್ತವಂತೆ. ವೀರ್ಯ ಪರೀಕ್ಷೆಯೂ ಅದನ್ನೇ ಹೇಳಿತು.

ನನ್ನವರು ಒಪ್ಪಲಿಲ್ಲ. ತಮಗೆ ಯಾವುದಕ್ಕೂ ಕೊರತೆಯಿಲ್ಲವೆಂದು ಮುಖ ಕೆಂಪಗೆ ಮಾಡಿಕೊಂಡರು. ಗಂಡಸ್ತನ ಬೇರೆ, ವೀರ್ಯಾಣು ಬೇರೆ ಎಂದು ಡಾಕ್ಟರು ನನ್ನೆದುರಿಗೇ ತಿಳಿಸಿ ಹೇಳಿದರು. ವೀರ್ಯದ ಬಹುಪಾಲು ಬೇರೆ ಗ್ರಂಥಿಗಳ ದ್ರವ. ಅಣುಗಳಿವೆಯೋ ಇಲ್ಲವೋ ಎಂಬುದು ಸೂಕ್ಷ್ಮದರ್ಶಕಕ್ಕಷ್ಟೇ ಗೊತ್ತು. ಅವು ತಯಾರಾಗಲು ಎರಡೂವರೆ ತಿಂಗಳು ಬೇಕು. ಹಾಗಾಗಿ ಆಪರೇಷನ್ ಆದರೂ ಮೂರು ತಿಂಗಳು ಕಾದೇ ಮತ್ತೆ ನೋಡಬೇಕು.

ಎಂ.ಬಿ.ಬಿ.ಎಸ್. ಮುಗಿಸಿ ಮೂರು ವರ್ಷ ಸರ್ಜರಿ, ಮತ್ತೆ ಮೂರು ವರ್ಷ ಯೂರಾಲಜಿ ಓದಿದವರು ಅವರು. "ಕಲ್ಲಿಗೆ ಬರುತ್ತಾರೆ, ಅರವತ್ತಾದ ಮೇಲೆ ಮೂತ್ರ ಕಟ್ಟಿತೆಂದು ಬರುತ್ತಾರೆ. ಮಕ್ಕಳಾಗಲಿಲ್ಲವೆಂದು ತಾನಾಗಿ ಬಂದ ಗಂಡಸು ಅಪರೂಪ ತಾಯಿ," ಎಂದರು.

ಇದು ಬರೆಯುವ ವಿಷಯವೇ ಎಂದು ಮೂಗು ಮುರಿಯುವವರಿಗೆ ನನ್ನದೊಂದು ಪ್ರಶ್ನೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ದೋಷವೂ ಸೇರಿರುತ್ತದೆ. ಅವನ ಪರೀಕ್ಷೆಗೆ ಸೂಜಿಯಿಲ್ಲ, ಮತ್ತಿಲ್ಲ, ಕೊಯ್ಯುವುದಿಲ್ಲ. ಎರಡು ದಿನದಿಂದ ಒಂದು ವಾರದೊಳಗಿನ ಬ್ರಹ್ಮಚರ್ಯ ಮತ್ತು ಒಂದು ಪುಟ್ಟ ಡಬ್ಬಿ ಸಾಕು. ಅದನ್ನು ಬಿಟ್ಟು ಹೆಂಗಸಿನ ಹೊಟ್ಟೆಗೆ ತೂತು ಹಾಕುವುದು ಯಾವ ನ್ಯಾಯ? ಮಗು ಬೇಕೆಂದರೂ ನಮ್ಮ ಹೊಟ್ಟೆಯೇ, ಸಾಕೆಂದರೂ ನಮ್ಮ ಹೊಟ್ಟೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ಹೆಂಡತಿ 15ರಿಂದ 49 ವಯಸ್ಸಿನೊಳಗಿರುವ ದಂಪತಿಗಳಲ್ಲಿ ಸಂತಾನಹರಣ ಚಿಕಿತ್ಸೆ ಹೆಂಡತಿಗೆ ಆದದ್ದು ನೂರಕ್ಕೆ 37.9, ಗಂಡನಿಗೆ ಆದದ್ದು 0.3. ಗಂಡಸಿನದೇ ಸುಲಭದ ಆಪರೇಷನ್ ಎಂಬುದು ಡಾಕ್ಟರಿಗೆಲ್ಲ ಗೊತ್ತು.

ನಮಗೆ ಮಗುವಾಯಿತೇ ಎಂದು ಕೇಳುತ್ತೀರಿ. ಆ ಪ್ರಶ್ನೆಗೆ ಜೀವನದಲ್ಲಿ ಸಾಕಷ್ಟು ಸಲ ಉತ್ತರ ಕೊಟ್ಟಿದ್ದೇನೆ, ಇಲ್ಲಿ ಕೊಡುವುದಿಲ್ಲ. ನನ್ನ ಸಿಟ್ಟು ಗಂಡಸರ ಮೇಲಷ್ಟೇ ಅಲ್ಲ. ನನ್ನನ್ನು ಕರೆದುಕೊಂಡು ಹೋದವರು ಅತ್ತೆ, ಪರೀಕ್ಷಿಸಿದವರು ಲೇಡಿ ಡಾಕ್ಟರು, "ಇನ್ನೂ ಇಲ್ಲವೇನೇ?" ಎಂದು ಅರಿಶಿನ-ಕುಂಕುಮಕ್ಕೆ ಕರೆದು ಕೇಳಿದವರೆಲ್ಲ ನಮ್ಮವರೇ.

ಕಳೆದ ತಿಂಗಳು ನನ್ನ ತಂಗಿ ಫೋನ್ ಮಾಡಿದ್ದಳು. ಸೊಸೆಗೆ ಮೂರು ವರ್ಷವಾದರೂ ಏನೂ ಇಲ್ಲ, ಮುಂದಿನ ವಾರ ಲ್ಯಾಪರಾಸ್ಕೋಪಿ ಎಂದಳು. "ಮಗನದ್ದು ಪರೀಕ್ಷೆ ಆಯ್ತೇನೇ?" ಎಂದೆ.

"ಅವನಿಗೇನಾಗಿದೆ ಅಕ್ಕಾ? ಗುಂಡುಕಲ್ಲಿನ ಹಾಗಿದ್ದಾನೆ," ಎಂದಳು.