ಹೆಸರಿದ್ದ ಮರ, ಹೆಸರಿಲ್ಲದ ಮೀನು

ಕಾವೇರಿ ಸೀಮೆಯ ಶ್ರೀಗಂಧಕ್ಕೂ ಕಾವೇರಿಯ ಮಡುಗಳಲ್ಲಿ ವಾಸಿಸುವ ಬಿಳಿಮೀನಿಗೂ ಏನು ಸಂಬಂಧ? ಒಂದು ನೆಲದ ಸಿರಿ, ಇನ್ನೊಂದು ನೀರಿನ ಸಿರಿ. ಆದರೂ ಅಳಿವಿನ ಭಯವುಳ್ಳ ಜೀವಿಗಳ ಕೆಂಪು ಪಟ್ಟಿಯಲ್ಲಿ ಇವೆರಡೂ ಇಂದು ಜತೆಗೂಡಿವೆ.

ಶ್ರೀಗಂಧಕ್ಕೆ ಶಾಸ್ತ್ರೀಯ ನಾಮಕರಣವಾದುದು ೧೭೫೩ರಲ್ಲಿ. ಸ್ವೀಡನ್ನಿನ ಲಿನೇಯಸ್ ಪಂಡಿತನು ಅದನ್ನು 'ಸಾಂಟಲಮ್ ಆಲ್ಬಮ್' ಎಂದು ಕರೆದನು. ನೆರೆಗಿಡಗಳ ಬೇರಿನಿಂದ ಸಾರವನ್ನು ಹೀರುವ ಈ ಮರಕ್ಕೆ, ಕೊಂಬೆಗಳಿಗಂಟುವ ಬಂದಳಿಕೆಯು ದೂರದ ದಾಯಾದಿ. ೧೭೯೨ರಲ್ಲಿ ಟೀಪು ಸುಲ್ತಾನನು ಇದನ್ನು ರಾಜವೃಕ್ಷವೆಂದು ಸಾರಿದನು.

ಬಿಳಿಮೀನು ಗೆಂಡೆಯ ಬಳಗಕ್ಕೆ ಸೇರಿದ ಮಹಶೀರ್. ಬೆನ್ನಿನ ಮೇಲೆ ಗೂನು, ದೇಹವೋ ದೈತ್ಯಗಾತ್ರದ್ದು. ೧೯೪೬ರಲ್ಲಿ ಮೈಸೂರಿನ ಡಿವೆಟ್ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಸಿಕ್ಕಿದ ಮಹಶೀರ್ ೧೨೦ ಪೌಂಡು ತೂಗಿತ್ತು. ಇಷ್ಟು ಪ್ರಸಿದ್ಧವಾದರೂ ಗೂನುಮೀನಿಗೆ ತನ್ನದೆಂಬ ಶಾಸ್ತ್ರೀಯ ನಾಮಧೇಯವಿರಲಿಲ್ಲ. ೨೦೦೭ರಲ್ಲಿ ಕೇರಳದ ಪಾಂಬಾರ್ ಹೊಳೆಯ ಮೀನೊಂದಕ್ಕೆ 'ಟಾರ್ ರೆಮದೇವಿಯೈ' ಎಂದು ಹೆಸರಿಡಲಾಯಿತು. ಪಾಂಬಾರಿನ ನೀರೂ ಕಾವೇರಿಯನ್ನೇ ಸೇರುವುದು. ಅದೂ ಕಾವೇರಿಯ ಗೂನುಮೀನೂ ಒಂದೇ ಎಂಬುದು ೨೦೧೮ರಲ್ಲಿ ಸ್ಪಷ್ಟವಾಯಿತು.

ಈ ವಿಳಂಬಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಮಹಶೀರುಗಳೆಲ್ಲ ಒಂದೇ ಎಂಬ ಭಾವನೆಯಿಂದ, ಸಂರಕ್ಷಣೆಯ ಸದುದ್ದೇಶದಿಂದಲೇ, ಲೋನಾವಳದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರನ್ನು ಕಾವೇರಿಗೆ ತಂದು ಬಿಟ್ಟರು. ಬಂದ ಅತಿಥಿ ಹೆಚ್ಚಿತು, ಮನೆಯೊಡೆಯ ಕ್ಷೀಣಿಸಿದನು. ಅಣೆಕಟ್ಟು, ಮರಳುಗಣಿ, ಸಿಡಿಮದ್ದುಗಳ ಹಾವಳಿಯೂ ಇದಕ್ಕೆ ಜತೆಯಾಯಿತು.

ಕೆಂಪು ಪಟ್ಟಿಯಲ್ಲಿ ಅಪಾಯದ ಮೆಟ್ಟಿಲುಗಳು ಮೂರು. ಶ್ರೀಗಂಧವು ಮೊದಲನೆಯದರ ಮೇಲಿದೆ. ಬಿಳಿಮೀನು ೨೦೧೮ರಲ್ಲಿ ಪಟ್ಟಿಗೆ ಸೇರಿದುದೇ ಕೊನೆಯ ಮೆಟ್ಟಿಲಿನಲ್ಲಿ. ಗಂಧವು ಇಂಡೊನೇಷ್ಯ, ಆಸ್ಟ್ರೇಲಿಯಗಳಲ್ಲಿಯೂ ಉಂಟು. ೨೦೦೧ರ ಶಾಸನದಿಂದ ಕರ್ನಾಟಕದ ರೈತನು ತನ್ನ ಹೊಲದ ಗಂಧಕ್ಕೆ ತಾನೇ ಒಡೆಯನಾಗಿ ಅದನ್ನು ಬೆಳೆಸಬಲ್ಲನು. ಗೂನುಮೀನಿಗಾದರೋ ಕಾವೇರಿ ಮತ್ತು ಅದರ ಉಪನದಿಗಳ ಹೊರತು ಬೇರೆ ಮನೆಯಿಲ್ಲ.

ಎರಡೂವರೆ ಶತಮಾನಗಳ ಹೆಸರು, ಎರಡು ಶತಮಾನಗಳ ಕಾವಲು ಇದ್ದರೂ ಕಳ್ಳನ ಕೊಡಲಿಯಿಂದ ಕಾಡಿನ ಗಂಧವು ಪಾರಾಗಲಿಲ್ಲ. ಹೆಸರೊಂದೇ ಯಾವ ಜೀವಿಯನ್ನೂ ಕಾಯಲಾರದು, ನಿಜ. ಆದರೆ ಹೆಸರನ್ನೇ ಅರಿಯದಿದ್ದರೆ, ಕಾಯಹೊರಟ ಕೈಯೇ ಅದನ್ನು ಅಳಿಸೀತು!